ಗೆಟ್ಸ್ (ಸಿ ಭಾಷೆಯ ಫಂಕ್ಷನ್)

ಗೆಟ್ಸ್ ಎಂಬುದು ಸಿ ಪ್ರೋಗ್ರಾಮಿಂಗ್ ಭಾಷೆಯ ಪ್ರಮಾಣಿತ ಲೈಬ್ರರಿಯಲ್ಲಿ ಹಲವು ದಶಕಗಳ ಕಾಲ ಇದ್ದ ಒಂದು ಫಂಕ್ಷನ್. ಕೀಲಿಮಣೆಯಿಂದಲೋ ಬೇರೊಂದು ಮೂಲದಿಂದಲೋ ಬರುವ ಒಂದು ಸಾಲಿನ ಪಠ್ಯವನ್ನು ಓದಿ ಮೆಮೊರಿಯಲ್ಲಿ ಇಡುವುದು ಇದರ ಕೆಲಸ. ಓದಿದ್ದನ್ನು ಇಡಬೇಕಾದ ಜಾಗ ಎಷ್ಟು ದೊಡ್ಡದು ಎಂದು ತಿಳಿದುಕೊಳ್ಳುವ ಯಾವ ವ್ಯವಸ್ಥೆಯೂ ಇದಕ್ಕಿಲ್ಲ. ಆದುದರಿಂದ ಬರುವ ಸಾಲು ಉದ್ದವಾಗಿದ್ದರೆ ಜಾಗ ಮೀರಿ ಬರೆಯುತ್ತಲೇ ಹೋಗುತ್ತದೆ. ಈ ದೋಷವನ್ನು ಬಫರ್ ಓವರ್‌ಫ್ಲೋ ಎನ್ನುತ್ತಾರೆ. 1988ರಲ್ಲಿ ಅಂತರ್ಜಾಲದಲ್ಲಿ ಹರಡಿದ ಮಾರಿಸ್ ವರ್ಮ್ ಬಳಸಿಕೊಂಡ ದಾರಿಗಳಲ್ಲಿ ಗೆಟ್ಸ್ ಕೂಡ ಒಂದು. ಆದರೂ ಈ ಫಂಕ್ಷನ್ ಸಿ ಭಾಷೆಯ ಮಾನಕದಿಂದ ಹೊರಬಿದ್ದದ್ದು 2011ರಲ್ಲಿ.

ಕಂಪೈಲರ್‌ಗಳು ಕೊಡುವ ಎಚ್ಚರಿಕೆ ಸಂದೇಶಗಳಲ್ಲಿ ಹೆಚ್ಚಿನವು ‘ಇಲ್ಲಿ ತಪ್ಪಿರಬಹುದು, ಒಮ್ಮೆ ನೋಡಿ’ ಎಂಬ ಸ್ವರೂಪದವು. ಗೆಟ್ಸ್ ಕುರಿತ ಎಚ್ಚರಿಕೆ ಈ ಬಗೆಯದಲ್ಲ. ಯಾವ ಬಗೆಯ ಜಾಗರೂಕತೆಯಿಂದಲೂ ಈ ಫಂಕ್ಷನನ್ನು ಸುರಕ್ಷಿತವಾಗಿ ಬಳಸಲು ಸಾಧ್ಯವಿಲ್ಲದ ಕಾರಣ, ಅದನ್ನು ಬಳಸಲೇಬಾರದು ಎಂಬುದೇ ಆ ಸಂದೇಶದ ಅರ್ಥ.

ಬಫರ್ ಮತ್ತು ಅದರ ಅಳತೆ

ಪ್ರೋಗ್ರಾಮು ತಾತ್ಕಾಲಿಕವಾಗಿ ಮಾಹಿತಿಯನ್ನು ಇಟ್ಟುಕೊಳ್ಳುವ ಮೆಮೊರಿಯ ತುಂಡಿಗೆ ಬಫರ್ ಎಂದು ಹೆಸರು. ಸಿ ಭಾಷೆಯಲ್ಲಿ ಪಠ್ಯಕ್ಕಾಗಿ ಬಳಸುವ ಬಫರ್ ಸಾಮಾನ್ಯವಾಗಿ ಅಕ್ಷರಗಳ ಒಂದು ಅರೇ ಆಗಿರುತ್ತದೆ. ಅದರ ಅಳತೆಯನ್ನು ಪ್ರೋಗ್ರಾಮು ಬರೆಯುವಾಗಲೇ ಹೇಳಬೇಕು. ಹತ್ತು ಅಂಶಗಳ ಅರೇ ಎಂದರೆ ಹತ್ತು ಬೈಟ್‌ಗಳ ಜಾಗ. ಪಠ್ಯ ಎಲ್ಲಿ ಮುಗಿಯಿತು ಎಂದು ಸೂಚಿಸಲು ಕೊನೆಯಲ್ಲಿ ಸೊನ್ನೆ ಬೆಲೆಯ ಒಂದು ಬೈಟ್ ಇಡುವುದು ಸಿ ಭಾಷೆಯ ಪದ್ಧತಿ. ಇದನ್ನು ನಲ್ ಎನ್ನುತ್ತಾರೆ. ಹೀಗಾಗಿ ಹತ್ತರ ಅರೇಯಲ್ಲಿ ಪಠ್ಯಕ್ಕೆ ಒಂಬತ್ತೇ ಬೈಟ್ ಉಳಿಯುತ್ತದೆ.

ಇಂಗ್ಲಿಷ್ ಲಿಪಿಯಲ್ಲಿ ರಮೇಶ್ ಎಂದು ಬರೆದರೆ ಆರು ಅಕ್ಷರ, ನಲ್ ಸೇರಿ ಏಳು ಬೈಟ್. ಹತ್ತರ ಬಫರ್‌ನಲ್ಲಿ ಸುಖವಾಗಿ ಹಿಡಿಸುತ್ತದೆ. ಅದೇ ಲಿಪಿಯಲ್ಲಿ ವಿಶ್ವೇಶ್ವರಯ್ಯ ಎಂಬ ಹೆಸರಿಗೆ, ತಾಂತ್ರಿಕ ವಿಶ್ವವಿದ್ಯಾಲಯದ ಹೆಸರಿನಲ್ಲಿ ಬಳಕೆಯಲ್ಲಿರುವ ಕಾಗುಣಿತದಂತೆ, ಹನ್ನೆರಡು ಅಕ್ಷರ ಬೇಕು. ನಲ್ ಸೇರಿದರೆ ಹದಿಮೂರು. ಉಳಿದ ಮೂರು ಬೈಟ್‌ಗಳು ಎಲ್ಲಿಗೆ ಹೋಗುತ್ತವೆ ಎಂಬುದೇ ಈ ಲೇಖನದ ಮುಖ್ಯ ಪ್ರಶ್ನೆ.

ಬೇರೆ ಹಲವು ಭಾಷೆಗಳಲ್ಲಿ ಅರೇಯ ಎಲ್ಲೆ ಮೀರಿದ ಕೂಡಲೇ ಪ್ರೋಗ್ರಾಮು ದೋಷ ವರದಿ ಮಾಡಿ ನಿಲ್ಲುತ್ತದೆ. ಸಿ ಭಾಷೆ ಹಾಗೆ ಮಾಡುವುದಿಲ್ಲ. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಈ ಭಾಷೆಯನ್ನು ರೂಪಿಸಿದಾಗ ಅದರ ಉದ್ದೇಶ ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನು ಬರೆಯುವುದಾಗಿತ್ತು. ಅಂದಿನ ಗಣಕಗಳ ಮೆಮೊರಿ ಇಂದಿನವುಗಳ ಮುಂದೆ ಅತ್ಯಲ್ಪ. ಪ್ರತಿ ಹೆಜ್ಜೆಗೂ ಎಲ್ಲೆ ಪರೀಕ್ಷಿಸುವ ವೆಚ್ಚವನ್ನು ಭಾಷೆಯ ಮೇಲೆ ಹೊರಿಸದೆ, ಆ ಹೊಣೆಯನ್ನು ಬರೆಯುವವನಿಗೇ ಬಿಡಲಾಯಿತು.

ಕೆಲಸ ಮಾಡುವ ಬಗೆ

ಗೆಟ್ಸ್ ಫಂಕ್ಷನ್‌ಗೆ ಕೊಡಬೇಕಾದದ್ದು ಒಂದೇ ಒಂದು ಮಾಹಿತಿ: ಬಫರ್ ಎಲ್ಲಿ ಆರಂಭವಾಗುತ್ತದೆ ಎಂಬ ವಿಳಾಸ. ಅಲ್ಲಿಂದ ಮುಂದಕ್ಕೆ, ಹೊಸ ಸಾಲಿನ ಗುರುತು ಸಿಗುವವರೆಗೆ ಅಥವಾ ಇನ್‌ಪುಟ್ ಮುಗಿಯುವವರೆಗೆ, ಬಂದದ್ದನ್ನೆಲ್ಲ ಅದು ಒಂದರ ಪಕ್ಕ ಒಂದು ಬರೆಯುತ್ತದೆ. ಹೊಸ ಸಾಲಿನ ಗುರುತನ್ನು ಕೈಬಿಟ್ಟು ಅದರ ಸ್ಥಾನದಲ್ಲಿ ನಲ್ ಇಡುತ್ತದೆ. ಕೆಲಸ ಮುಗಿದಾಗ ಅದೇ ವಿಳಾಸವನ್ನು ಹಿಂದಿರುಗಿಸುತ್ತದೆ.

ಬರೆಯಲು ಸುಲಭ, ನೆನಪಿಡಲು ಸುಲಭ, ಪದಗಳ ನಡುವೆ ಖಾಲಿ ಜಾಗವಿದ್ದರೂ ಪೂರ್ಣ ಸಾಲನ್ನು ಓದುತ್ತದೆ. ಪಠ್ಯಪುಸ್ತಕಗಳಿಗೆ ಇದು ಪ್ರಿಯವಾದದ್ದರಲ್ಲಿ ಆಶ್ಚರ್ಯವಿಲ್ಲ. ಭಾರತದ ಶಾಲಾ ಕಾಲೇಜುಗಳಲ್ಲಿ ಬೋರ್ಲಾಂಡ್ ಸಂಸ್ಥೆಯ ಟರ್ಬೊ ಸಿ ಕಂಪೈಲರ್ ಬಹುಕಾಲ ಚಾಲ್ತಿಯಲ್ಲಿತ್ತು. ಡಾಸ್ ಕಾಲದ ಆ ಉಪಕರಣ ಗೆಟ್ಸ್ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ. ಅಲ್ಲಿ ಕಲಿತ ವಿದ್ಯಾರ್ಥಿ ಮುಂದೆ ಲಿನಕ್ಸ್ ಗಣಕದಲ್ಲಿ ಅದೇ ಪ್ರೋಗ್ರಾಮನ್ನು ಕಂಪೈಲ್ ಮಾಡಿದಾಗ ಎಚ್ಚರಿಕೆಯನ್ನು ಮೊದಲ ಬಾರಿಗೆ ಕಾಣುತ್ತಾನೆ. ಪ್ರೋಗ್ರಾಮು ಹೇಗೂ ಓಡುತ್ತದೆಯಾದ್ದರಿಂದ ಅದನ್ನು ಬದಿಗಿಡುವ ಅಭ್ಯಾಸವೂ ಅಲ್ಲಿಯೇ ಆರಂಭವಾಗುತ್ತದೆ.

ಬಳಸುವವನು ಎಷ್ಟು ದೊಡ್ಡ ಬಫರ್ ಇಟ್ಟರೂ ಈ ತೊಂದರೆ ತಪ್ಪುವುದಿಲ್ಲ. ನೂರರ ಬಫರ್ ಇಟ್ಟರೆ ನೂರೊಂದರ ಸಾಲು ಬರಬಹುದು. ಸಾವಿರ ಇಟ್ಟರೆ ಸಾವಿರದೊಂದರದು. ಎಷ್ಟು ಬರುತ್ತದೆ ಎಂಬುದನ್ನು ತೀರ್ಮಾನಿಸುವವನು ಪ್ರೋಗ್ರಾಮು ಬರೆದವನಲ್ಲ, ಅದಕ್ಕೆ ಇನ್‌ಪುಟ್ ಕೊಡುವವನು.

ಬಫರ್ ಉಕ್ಕಿದಾಗ

ಒಂದು ಫಂಕ್ಷನ್ ಇನ್ನೊಂದನ್ನು ಕರೆದಾಗ, ಕೆಲಸ ಮುಗಿದ ಮೇಲೆ ಎಲ್ಲಿಗೆ ಮರಳಬೇಕು ಎಂಬ ವಿಳಾಸವನ್ನು ಸ್ಟ್ಯಾಕ್ ಎಂಬ ಮೆಮೊರಿ ಭಾಗದಲ್ಲಿ ಬರೆದಿಡಲಾಗುತ್ತದೆ. ಓದುವ ಪುಸ್ತಕವನ್ನು ಮಡಚಿ ಏಳುವ ಮುನ್ನ ಪುಟದ ಗುರುತು ಇಟ್ಟಂತೆ. ಫಂಕ್ಷನ್‌ನ ಒಳಗಿನ ಬಫರ್‌ಗಳಿಗೂ ಅದೇ ಸ್ಟ್ಯಾಕ್‌ನಲ್ಲಿ ಜಾಗ. ಬಹುತೇಕ ಗಣಕಗಳಲ್ಲಿ ಸ್ಟ್ಯಾಕ್ ಮೇಲಿನ ವಿಳಾಸಗಳಿಂದ ಕೆಳಮುಖವಾಗಿ ಬೆಳೆಯುತ್ತದೆ; ಬಫರ್ ಮಾತ್ರ ಕೆಳಗಿನಿಂದ ಮೇಲಕ್ಕೆ ತುಂಬುತ್ತದೆ. ಹೀಗಾಗಿ ಎಲ್ಲೆ ಮೀರಿದ ಬೈಟ್‌ಗಳು ನೇರವಾಗಿ ಮರಳುವ ವಿಳಾಸದ ಕಡೆಗೇ ಸಾಗುತ್ತವೆ.

ಮೀರಿದ್ದು ಒಂದೆರಡು ಬೈಟ್ ಆದರೆ ಏನೂ ಆಗದಿರಬಹುದು, ಅಥವಾ ಪಕ್ಕದ ಚರಾಂಶದ ಬೆಲೆ ಸದ್ದಿಲ್ಲದೆ ಬದಲಾಗಬಹುದು. ಇನ್ನಷ್ಟು ಮೀರಿದರೆ ಮರಳುವ ವಿಳಾಸವೇ ಅಳಿಸಿಹೋಗಿ ಪ್ರೋಗ್ರಾಮು ಕುಸಿಯುತ್ತದೆ. ಮೂರನೆಯ ಸಾಧ್ಯತೆ ಅತ್ಯಂತ ಅಪಾಯಕಾರಿ. ಇನ್‌ಪುಟ್ ಕೊಡುವವನು ಲೆಕ್ಕ ಹಾಕಿ, ಮರಳುವ ವಿಳಾಸದ ಸ್ಥಾನದಲ್ಲಿ ತನಗೆ ಬೇಕಾದ ವಿಳಾಸ ಬೀಳುವಂತೆ ಮಾಡಿದರೆ, ಪ್ರೋಗ್ರಾಮು ಆತ ಹೇಳಿದಲ್ಲಿಗೆ ಹೋಗುತ್ತದೆ. ಆ ವಿಳಾಸದಲ್ಲಿ ಆತನೇ ಕಳುಹಿಸಿದ ಯಂತ್ರಾದೇಶಗಳಿದ್ದರೆ ಗಣಕ ಅವನ ಕೈಗೆ ಸಿಕ್ಕಂತೆ. ಈ ತಂತ್ರವನ್ನು ಹಂತಹಂತವಾಗಿ ವಿವರಿಸಿದ, ಅಲೆಫ್ ಒನ್ ಎಂಬ ಗುಪ್ತನಾಮದ ಲೇಖನವೊಂದು 1996ರಲ್ಲಿ ಫ್ರ್ಯಾಕ್ ಪತ್ರಿಕೆಯ 49ನೆಯ ಸಂಚಿಕೆಯಲ್ಲಿ ಪ್ರಕಟವಾದ ಮೇಲೆ ಇದು ಎಲ್ಲರಿಗೂ ತಿಳಿಯಿತು. ಆದರೆ ತಂತ್ರ ಅದಕ್ಕೂ ಹಳೆಯದು.

ಮಾರಿಸ್ ವರ್ಮ್

ಯುನಿಕ್ಸ್ ವ್ಯವಸ್ಥೆಗಳಲ್ಲಿ ಫಿಂಗರ್ ಎಂಬ ಸೇವೆ ಇತ್ತು. ದೂರದ ಗಣಕದಲ್ಲಿ ಯಾರು ಕೆಲಸ ಮಾಡುತ್ತಿದ್ದಾರೆ ಎಂದು ಕೇಳಿದರೆ ಅದು ಉತ್ತರ ಕೊಡುತ್ತಿತ್ತು. ಕೇಳುವವರು ಕಳುಹಿಸುವ ಒಂದು ಸಾಲನ್ನು ಓದಲು ಅದನ್ನು ಬರೆದವರು ಗೆಟ್ಸ್ ಬಳಸಿದ್ದರು. ಬಫರ್‌ನ ಅಳತೆ 512 ಬೈಟ್. ಬಳಕೆದಾರರ ಹೆಸರು ಅಷ್ಟು ಉದ್ದವಿರಲು ಸಾಧ್ಯವೇ ಎಂದು ಯಾರಿಗಾದರೂ ಅನ್ನಿಸುವಂಥದ್ದೇ.

1988ರ ನವೆಂಬರ್ 2ರಂದು ಕಾರ್ನೆಲ್ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿ ರಾಬರ್ಟ್ ಟಪ್ಪನ್ ಮಾರಿಸ್ ಎಂಬಾತ ತಾನಾಗಿಯೇ ಹರಡುವ ಒಂದು ಪ್ರೋಗ್ರಾಮನ್ನು ಎಂಐಟಿಯ ಗಣಕವೊಂದರಿಂದ ಬಿಡುಗಡೆ ಮಾಡಿದ. ಅದು ಫಿಂಗರ್ ಸೇವೆಗೆ 536 ಬೈಟ್‌ಗಳ ಸಾಲೊಂದನ್ನು ಕಳುಹಿಸುತ್ತಿತ್ತು. ಹೆಚ್ಚಾದ 24 ಬೈಟ್‌ಗಳು ಮರಳುವ ವಿಳಾಸವನ್ನು ಬದಲಿಸಿ, ಸಾಲಿನೊಳಗೇ ಅಡಗಿದ್ದ ಆದೇಶಗಳತ್ತ ಪ್ರೋಗ್ರಾಮನ್ನು ತಿರುಗಿಸುತ್ತಿದ್ದವು. ಆ ಆದೇಶಗಳು ಆದೇಶ ಸ್ವೀಕರಿಸುವ ಶೆಲ್ ಒಂದನ್ನು ತೆರೆದು ದೂರದ ವರ್ಮ್‌ನ ಕೈಗೆ ಕೊಡುತ್ತಿದ್ದವು. ಇದು ಫಲಿಸುತ್ತಿದ್ದುದು ಬಿಎಸ್‌ಡಿ ಯುನಿಕ್ಸ್ ಓಡುತ್ತಿದ್ದ ವ್ಯಾಕ್ಸ್ ಗಣಕಗಳಲ್ಲಿ ಮಾತ್ರ. ಯಂತ್ರಾದೇಶಗಳು ಆ ಗಣಕಕ್ಕಷ್ಟೇ ಬರೆಯಲ್ಪಟ್ಟಿದ್ದವು. ವರ್ಮ್‌ಗೆ ಇದೊಂದೇ ದಾರಿಯಲ್ಲ. ಸೆಂಡ್‌ಮೇಲ್ ಎಂಬ ಅಂಚೆ ತಂತ್ರಾಂಶದ ಒಂದು ಲೋಪವನ್ನೂ, ಊಹಿಸಬಹುದಾದ ಗುಪ್ತಪದಗಳನ್ನೂ ಅದು ಬಳಸಿಕೊಂಡಿತು.

ಒಂದೇ ಗಣಕಕ್ಕೆ ಮತ್ತೆ ಮತ್ತೆ ಸೋಂಕು ತಗಲಿದ್ದರಿಂದ ಗಣಕಗಳು ಕೆಲಸ ಮಾಡಲಾಗದಷ್ಟು ನಿಧಾನವಾದವು. ಆಗ ಅಂತರ್ಜಾಲದಲ್ಲಿದ್ದ ಸುಮಾರು 60,000 ಗಣಕಗಳ ಪೈಕಿ 6,000ದಷ್ಟು ಸೋಂಕಿಗೆ ಒಳಗಾದವೆಂಬ ಅಂದಾಜು ಪ್ರಚಲಿತವಾಗಿದೆ. ಮಾರಿಸ್‌ನಿಗೆ 1986ರ ಗಣಕ ವಂಚನೆ ಕಾಯಿದೆಯಡಿ ಮೂರು ವರ್ಷಗಳ ನಿಗಾವಣೆ, 400 ಗಂಟೆಗಳ ಸಮಾಜಸೇವೆ ಮತ್ತು 10,050 ಡಾಲರ್ ದಂಡ ವಿಧಿಸಲಾಯಿತು. ಆತ ಮುಂದೆ ಎಂಐಟಿಯಲ್ಲೇ ಪ್ರಾಧ್ಯಾಪಕನಾದ. ಆತನ ತಂದೆ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಮೇಲೆ ಕೆಲಸ ಮಾಡಿದ್ದು, ಘಟನೆಯ ಕಾಲಕ್ಕೆ ಅಮೆರಿಕ ಸರ್ಕಾರದ ಗಣಕ ಭದ್ರತಾ ಕೇಂದ್ರದ ಮುಖ್ಯ ವಿಜ್ಞಾನಿಯಾಗಿದ್ದವರು. ಈ ಘಟನೆಯ ಬೆನ್ನಲ್ಲೇ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸರ್ಟ್ ಸಮನ್ವಯ ಕೇಂದ್ರ ಸ್ಥಾಪನೆಯಾಯಿತು.

ಫಿಂಗರ್ ಸೇವೆಯ ದುರಸ್ತಿ ಬಹಳ ಚಿಕ್ಕದು. ಗೆಟ್ಸ್ ಇದ್ದಲ್ಲಿ ಎಫ್‌ಗೆಟ್ಸ್ ಎಂದು ಬರೆದು, ಬಫರ್‌ನ ಅಳತೆಯನ್ನು ಜೊತೆಗೆ ಕೊಟ್ಟರೆ ಸಾಕಾಗಿತ್ತು.

ಮಾನಕದಿಂದ ಹೊರಕ್ಕೆ

ಇಷ್ಟಾದರೂ, ಮರುವರ್ಷ ಅಂಗೀಕಾರವಾದ ಸಿ ಭಾಷೆಯ ಮೊದಲ ಮಾನಕವಾದ ಸಿ89ರಲ್ಲಿ ಗೆಟ್ಸ್ ಸ್ಥಾನ ಪಡೆಯಿತು. ಹತ್ತು ವರ್ಷಗಳ ಬಳಿಕ ಸಿ99ರಲ್ಲೂ ಉಳಿಯಿತು. ಸಿ99ರ ಜೊತೆಗಿನ ವಿವರಣಾ ಪತ್ರದಲ್ಲಿ ಸಮಿತಿ ತನ್ನ ಕಾರಣವನ್ನು ಹೇಳಿದೆ: ಇನ್‌ಪುಟ್ ಪ್ರೋಗ್ರಾಮರ್‌ನ ಹಿಡಿತದಲ್ಲಿರುವ ವಿಶೇಷ ಸಂದರ್ಭಗಳಲ್ಲಿ ಇದು ಅನುಕೂಲಕರ, ಮತ್ತು ಬಹುಕಾಲದ ರೂಢಿಯಾದ್ದರಿಂದ ಇದಕ್ಕೊಂದು ಮಾನಕ ವಿವರಣೆ ಬೇಕು. ಈ ವಾದದ ಎರಡನೆಯ ಭಾಗದಲ್ಲಿ ತಿರುಳಿದೆ; ಹಳೆಯ ಪ್ರೋಗ್ರಾಮುಗಳು ಅಸಂಖ್ಯ. ಮೊದಲನೆಯದು ಅಷ್ಟು ಗಟ್ಟಿಯಲ್ಲ. ಫಿಂಗರ್ ಬರೆದವರೂ ಇನ್‌ಪುಟ್ ತಮ್ಮ ಊಹೆಯ ಮಿತಿಯೊಳಗೇ ಇರುತ್ತದೆಂದು ನಂಬಿದ್ದರು.

2007ರಲ್ಲಿ ಸಿ99ಕ್ಕೆ ಮಾಡಿದ ಮೂರನೆಯ ತಿದ್ದುಪಡಿಯಲ್ಲಿ ಗೆಟ್ಸ್ ಬಳಕೆಯನ್ನು ಬಿಡತಕ್ಕದ್ದೆಂದು ಗುರುತಿಸಲಾಯಿತು. 2011ರ ಸಿ11 ಮಾನಕ ಅದನ್ನು ಪೂರ್ತಿಯಾಗಿ ತೆಗೆದುಹಾಕಿತು. ಸಿ++ ಭಾಷೆಯ 2014ರ ಮಾನಕವೂ ಹಾಗೆಯೇ ಮಾಡಿತು. ಸಿ11ರ ಐಚ್ಛಿಕ ಅನುಬಂಧವೊಂದರಲ್ಲಿ ಬಫರ್‌ನ ಅಳತೆಯನ್ನು ಕೇಳುವ ಗೆಟ್ಸ್-ಎಸ್ ಎಂಬ ಹೊಸ ಫಂಕ್ಷನ್ ಇದೆ. ಅನುಬಂಧ ಕಡ್ಡಾಯವಲ್ಲದ ಕಾರಣ ಲಿನಕ್ಸ್‌ನ ಪ್ರಮುಖ ಲೈಬ್ರರಿಯಾದ ಗ್ಲಿಬ್‌ಸಿ ಅದನ್ನು ಒದಗಿಸುವುದಿಲ್ಲ.

ಎಚ್ಚರಿಕೆ ಸಂದೇಶಗಳು

ಸಿ ಕಂಪೈಲರ್ ಎರಡು ಬಗೆಯ ದೂರುಗಳನ್ನು ಹೇಳುತ್ತದೆ. ಭಾಷೆಯ ನಿಯಮ ಮುರಿದಲ್ಲಿ ದೋಷ ಎನ್ನುತ್ತದೆ ಮತ್ತು ಪ್ರೋಗ್ರಾಮನ್ನು ತಯಾರಿಸಲು ಒಪ್ಪುವುದಿಲ್ಲ. ನಿಯಮದೊಳಗಿದ್ದರೂ ಸಂಶಯಾಸ್ಪದವಾದಲ್ಲಿ ಎಚ್ಚರಿಕೆ ಎನ್ನುತ್ತದೆ, ಆದರೆ ಪ್ರೋಗ್ರಾಮನ್ನು ತಯಾರಿಸಿಯೇ ಕೊಡುತ್ತದೆ. ಆರಂಭದ ಕಂಪೈಲರ್‌ಗಳು ಇಂತಹ ಸಂಶಯಗಳನ್ನು ಹೆಚ್ಚು ಹೇಳುತ್ತಿರಲಿಲ್ಲ. ಅದಕ್ಕಾಗಿ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ 1970ರ ದಶಕದಲ್ಲಿ ಲಿಂಟ್ ಎಂಬ ಪ್ರತ್ಯೇಕ ಪರೀಕ್ಷಕವನ್ನು ಬರೆದರು. ಬಟ್ಟೆಗೆ ಅಂಟಿದ ನೂಲಿನ ಎಳೆಗಳನ್ನು ಹೆಕ್ಕುವಂತೆ ಎಂಬುದು ಹೆಸರಿನ ಭಾವ. ಇಂದು ಜಿಸಿಸಿ, ಕ್ಲ್ಯಾಂಗ್ ಮುಂತಾದ ಕಂಪೈಲರ್‌ಗಳು ಆ ಕೆಲಸದ ಬಹುಪಾಲನ್ನು ತಾವೇ ಮಾಡುತ್ತವೆ. ಜಿಸಿಸಿಯಲ್ಲಿ ‘ಡಬ್ಲ್ಯೂ-ಆಲ್’ ಎಂಬ ಆಯ್ಕೆ, ಹೆಸರು ಸೂಚಿಸುವಂತೆ ಎಲ್ಲ ಎಚ್ಚರಿಕೆಗಳನ್ನು ಕೊಡುವುದಿಲ್ಲ. ‘ಡಬ್ಲ್ಯೂ-ಎಕ್ಸ್‌ಟ್ರಾ’ ಇನ್ನೂ ಕೆಲವನ್ನು ಸೇರಿಸುತ್ತದೆ. ‘ಡಬ್ಲ್ಯೂ-ಎರರ್’ ಕೊಟ್ಟರೆ ಪ್ರತಿ ಎಚ್ಚರಿಕೆಯೂ ದೋಷವಾಗಿ ಪರಿಗಣಿತವಾಗುತ್ತದೆ.

ಗೆಟ್ಸ್ ಅಪಾಯಕಾರಿ, ಬಳಸಬಾರದು ಎಂದು ಲಿನಕ್ಸ್‌ನಲ್ಲಿ ಕಾಣುವ ಸಂದೇಶ ವಾಸ್ತವದಲ್ಲಿ ಕಂಪೈಲರ್‌ನದಲ್ಲ. ಅದು ತುಣುಕುಗಳನ್ನು ಜೋಡಿಸುವ ಲಿಂಕರ್‌ನಿಂದ ಬರುತ್ತದೆ. ಗ್ಲಿಬ್‌ಸಿ ಲೈಬ್ರರಿಯೊಳಗೆ ಗೆಟ್ಸ್‌ನ ಜೊತೆಯಲ್ಲೇ ಆ ವಾಕ್ಯವನ್ನು ಅಡಕಗೊಳಿಸಲಾಗಿದೆ. ಆದುದರಿಂದ ಕಂಪೈಲರ್‌ನ ಎಲ್ಲ ಎಚ್ಚರಿಕೆಗಳನ್ನು ನಿಲ್ಲಿಸಿದರೂ ಅದು ಕಾಣಿಸಿಕೊಳ್ಳುತ್ತದೆ.

ಕಂಪೈಲರ್‌ನಿಂದ ಬರುವ ದೂರು ಬೇರೆ ರೀತಿಯದು. ಸಿ11ರ ನಂತರ ಹೆಡರ್ ಕಡತದಲ್ಲಿ ಗೆಟ್ಸ್‌ನ ಘೋಷಣೆ ಇಲ್ಲವಾದ್ದರಿಂದ, ಘೋಷಿಸದ ಫಂಕ್ಷನನ್ನು ಬಳಸಲಾಗಿದೆ ಎಂದು ಹೇಳಿ, ಎಫ್‌ಗೆಟ್ಸ್ ಎಂದಿರಬೇಕಿತ್ತೇ ಎಂದು ಜಿಸಿಸಿ ಕೇಳುತ್ತದೆ. ಹೆಸರುಗಳ ಹೋಲಿಕೆ ನೋಡಿ ಕೊಟ್ಟ ಸಲಹೆ ಅದು. ಕಾಕತಾಳೀಯವಾಗಿ ಸರಿಯಾದ ಸಲಹೆಯೇ ಆಗಿದೆ. 2024ರ ಜಿಸಿಸಿ 14ರಿಂದ ಇದು ಎಚ್ಚರಿಕೆಯಲ್ಲ, ದೋಷ.

ಇದೇ ಸಾಲಿಗೆ ಸೇರುವ ಬೇರೆ ಎಚ್ಚರಿಕೆಗಳೂ ಇವೆ. ಮೈಕ್ರೋಸಾಫ್ಟ್‌ನ ವಿಷುಯಲ್ ಸಿ++ ಕಂಪೈಲರ್ ಸಿ4996 ಎಂಬ ಸಂಖ್ಯೆಯಡಿ ಹಲವು ಹಳೆಯ ಫಂಕ್ಷನ್‌ಗಳನ್ನು ಅಸುರಕ್ಷಿತವೆಂದು ಸಾರುತ್ತದೆ. ಜಿಸಿಸಿಯ ಏಳನೆಯ ಆವೃತ್ತಿಯಿಂದ, ಬಫರ್‌ನ ಅಳತೆಯೂ ಬರೆಯುವ ಮೊತ್ತವೂ ಕಂಪೈಲರ್‌ಗೆ ತಿಳಿದಿರುವಲ್ಲಿ, ಇಷ್ಟು ಬೈಟ್‌ನ ಜಾಗಕ್ಕೆ ಇಷ್ಟು ಬರೆಯಲಾಗುತ್ತಿದೆ ಎಂಬ ಲೆಕ್ಕದ ಸಮೇತ ಸಂದೇಶ ಬರುತ್ತದೆ. ಆದರೆ ಇನ್‌ಪುಟ್ ಎಷ್ಟು ಬರಬಹುದು ಎಂಬುದು ಕಂಪೈಲ್ ಮಾಡುವ ಹೊತ್ತಿಗೆ ಯಾರಿಗೂ ತಿಳಿಯದು. ಎಚ್ಚರಿಕೆ ಬರಲಿಲ್ಲವೆಂದ ಮಾತ್ರಕ್ಕೆ ಪ್ರೋಗ್ರಾಮು ನಿರ್ದೋಷಿ ಎಂದಾಗುವುದಿಲ್ಲ.

ಬದಲಿ ಫಂಕ್ಷನ್‌ಗಳು ಮತ್ತು ಅವುಗಳ ತೊಡಕು

ಎಫ್‌ಗೆಟ್ಸ್ ಫಂಕ್ಷನ್‌ಗೆ ಬಫರ್, ಅಳತೆ ಮತ್ತು ಇನ್‌ಪುಟ್‌ನ ಮೂಲ ಎಂಬ ಮೂರು ಮಾಹಿತಿ ಬೇಕು. ಅಳತೆ ಹತ್ತು ಎಂದರೆ ಅದು ಒಂಬತ್ತು ಬೈಟ್ ಮಾತ್ರ ಓದಿ ನಲ್ ಇಡುತ್ತದೆ. ಹೊಸ ಸಾಲಿನ ಗುರುತನ್ನು ಗೆಟ್ಸ್‌ನಂತೆ ತೆಗೆದುಹಾಕುವುದಿಲ್ಲ. ಗೆಟ್ಸ್ ಬದಲಿಗೆ ಇದನ್ನು ಹಾಕಿದ ವಿದ್ಯಾರ್ಥಿಯ ಪ್ರೋಗ್ರಾಮಿನಲ್ಲಿ ಹೆಸರುಗಳ ಹೋಲಿಕೆ ಏಕಾಏಕಿ ತಪ್ಪಾಗುವುದು ಈ ಕಾರಣಕ್ಕೆ. ಕೊನೆಯ ಗುರುತನ್ನು ತಾನೇ ತೆಗೆಯಬೇಕು. ಸಾಲು ಉದ್ದವಾಗಿದ್ದರೆ ಉಳಿದ ಭಾಗ ಕಾಯುತ್ತಿರುತ್ತದೆ ಮತ್ತು ಮುಂದಿನ ಓದಿಗೆ ಬರುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಎಚ್ಚರಿಕೆಯಿಂದ ಪಾರಾಗಲು ಹಲವರು ಸ್ಕ್ಯಾನ್‌ಎಫ್ ಕಡೆಗೆ ತಿರುಗುತ್ತಾರೆ. ಪಠ್ಯ ಓದಲು ಅದರಲ್ಲಿ ಶೇಕಡಾ ಚಿಹ್ನೆಯ ಮುಂದೆ ಎಸ್ ಎಂದಷ್ಟೇ ಬರೆದರೆ ಅದೂ ಗೆಟ್ಸ್‌ನಂತೆಯೇ ಅಳತೆಯಿಲ್ಲದೆ ಬರೆಯುತ್ತದೆ, ಲಿಂಕರ್ ಮಾತ್ರ ಏನೂ ಹೇಳುವುದಿಲ್ಲ. ಚಿಹ್ನೆಗೂ ಎಸ್‌ಗೂ ನಡುವೆ 9 ಎಂದು ಬರೆದರೆ ಮಾತ್ರ ಹತ್ತರ ಬಫರ್‌ಗೆ ರಕ್ಷಣೆ. ಇಲ್ಲಿ ನಲ್‌ನ ಲೆಕ್ಕವನ್ನು ನಾವೇ ಕಳೆಯಬೇಕು, ಎಫ್‌ಗೆಟ್ಸ್‌ನಲ್ಲಿ ಅದು ತಾನೇ ಕಳೆಯುತ್ತದೆ. ಈ ವ್ಯತ್ಯಾಸ ಅನೇಕರನ್ನು ಎಡವಿಸಿದೆ.

ಪಠ್ಯವನ್ನು ನಕಲು ಮಾಡುವ ಎಸ್‌ಟಿಆರ್‌ಸಿಪಿವೈ ಫಂಕ್ಷನ್‌ಗೂ ಅಳತೆ ತಿಳಿಯದು. ಅದರ ಬದಲಿಯೆಂದು ಹಲವರು ನಂಬುವ ಎಸ್‌ಟಿಆರ್‌ಎನ್‌ಸಿಪಿವೈ ಅಳತೆಯನ್ನು ಕೇಳುತ್ತದೆ, ಆದರೆ ಮೂಲ ಪಠ್ಯವು ಅಷ್ಟೇ ಅಥವಾ ಅದಕ್ಕಿಂತ ಉದ್ದವಿದ್ದರೆ ಕೊನೆಯಲ್ಲಿ ನಲ್ ಇಡುವುದಿಲ್ಲ. ಈ ಗೊಂದಲ ನಿವಾರಿಸಲು ಓಪನ್‌ಬಿಎಸ್‌ಡಿಯ ಟಾಡ್ ಮಿಲ್ಲರ್ ಮತ್ತು ಥಿಯೋ ಡಿ ರಾಟ್ 1998ರಲ್ಲಿ ಎಸ್‌ಟಿಆರ್‌ಎಲ್‌ಸಿಪಿವೈ ರೂಪಿಸಿದರು. ಗ್ಲಿಬ್‌ಸಿ ಅದನ್ನು ಸೇರಿಸಿಕೊಂಡದ್ದು 2023ರಲ್ಲಿ.

ಕನ್ನಡ ಪಠ್ಯದ ಬೈಟ್ ಲೆಕ್ಕ

ಬೈಟ್ ಮತ್ತು ಅಕ್ಷರ ಒಂದೇ ಎಂಬ ಭಾವನೆ ಇಂಗ್ಲಿಷ್ ಲಿಪಿಗಷ್ಟೇ ಸರಿ. ಇಂದು ಬಹುವ್ಯಾಪಕವಾಗಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ವ್ಯಂಜನ, ಸ್ವರಚಿಹ್ನೆ, ಅನುಸ್ವಾರ, ವಿರಾಮ ಚಿಹ್ನೆ ಎಲ್ಲವೂ ಬೇರೆ ಬೇರೆ ಸಂಕೇತಗಳು. ‘ಕನ್ನಡ’ ಎಂಬ ಮೂರಕ್ಷರದ ಪದದಲ್ಲಿ ಕ, ನ, ವಿರಾಮ, ನ, ಡ ಎಂಬ ಐದು ಸಂಕೇತಗಳಿದ್ದು 15 ಬೈಟ್ ಹಿಡಿಯುತ್ತದೆ. ನಲ್ ಸೇರಿ 16. ಹತ್ತರ ಬಫರ್‌ಗೆ ಗೆಟ್ಸ್ ಮೂಲಕ ಇದನ್ನು ಓದಿದರೆ ಆಗಲೇ ಆರು ಬೈಟ್ ಉಕ್ಕಿರುತ್ತದೆ. ನಾಲ್ಕಕ್ಷರದ ‘ಬೆಂಗಳೂರು’ 24 ಬೈಟ್. ಮೇಲೆ ಹೇಳಿದ ‘ವಿಶ್ವೇಶ್ವರಯ್ಯ’ ಕನ್ನಡ ಲಿಪಿಯಲ್ಲಿ 39 ಬೈಟ್.

ಎಫ್‌ಗೆಟ್ಸ್ ಬಳಸಿದರೆ ಉಕ್ಕುವುದಿಲ್ಲ, ಆದರೆ ಪದ ತುಂಡಾಗುತ್ತದೆ. ಹತ್ತರ ಬಫರ್‌ನಲ್ಲಿ ಒಂಬತ್ತು ಬೈಟ್ ಉಳಿದು ‘ಕನ್ನಡ’ವು ‘ಕನ್’ ಆಗುತ್ತದೆ. ಬಫರ್ ಹನ್ನೆರಡರದಾದರೆ ಇನ್ನೂ ಕೆಡುಕು: ಹನ್ನೊಂದನೆಯ ಬೈಟ್‌ಗೆ ಕತ್ತರಿಸಿದಾಗ ನಾಲ್ಕನೆಯ ಸಂಕೇತದ ಎರಡೇ ಬೈಟ್ ಉಳಿದು, ತೆರೆಯ ಮೇಲೆ ಅರ್ಥವಿಲ್ಲದ ಚಿಹ್ನೆ ಮೂಡುತ್ತದೆ. ಇದಕ್ಕೆ ಯಾವ ಕಂಪೈಲರ್ ಕೂಡ ಎಚ್ಚರಿಕೆ ಕೊಡುವುದಿಲ್ಲ. ಕನ್ನಡ ಪಠ್ಯವನ್ನು ಓದುವ ಪ್ರೋಗ್ರಾಮಿಗೆ, ಬೇಕಾದಷ್ಟು ಜಾಗವನ್ನು ತಾನೇ ಪಡೆದುಕೊಳ್ಳುವ ಪಾಸಿಕ್ಸ್ ಮಾನಕದ ಗೆಟ್‌ಲೈನ್ ಫಂಕ್ಷನ್ ಹೆಚ್ಚು ಸೂಕ್ತ. ಅದು ಪಡೆದ ಮೆಮೊರಿಯನ್ನು ಕೊನೆಯಲ್ಲಿ ಬಿಡುಗಡೆ ಮಾಡಬೇಕು.

ಎಚ್ಚರಿಕೆಯನ್ನು ಅಡಗಿಸುವುದು

ಸಿ4996 ಸಂದೇಶ ಕಾಣಿಸದಂತೆ ಮಾಡಲು ಪ್ರೋಗ್ರಾಮಿನ ತಲೆಯಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ಹಾಗೆ ಮಾಡಿದಾಗ ಸಂದೇಶ ಹೋಗುತ್ತದೆ, ದೋಷ ಉಳಿಯುತ್ತದೆ. ಆದರೆ ಎಚ್ಚರಿಕೆಯನ್ನು ಅರ್ಥಮಾಡಿಕೊಳ್ಳದೆ ಪಾಲಿಸುವುದೂ ಅಪಾಯಕಾರಿ ಎಂಬುದಕ್ಕೆ ಡೆಬಿಯನ್ ಲಿನಕ್ಸ್‌ನ ಪ್ರಸಂಗ ಪ್ರಸಿದ್ಧ ನಿದರ್ಶನ. 2006ರಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯನ್ನು ವ್ಯಾಲ್‌ಗ್ರಿಂಡ್ ಎಂಬ ಮೆಮೊರಿ ಪರೀಕ್ಷಕದಿಂದ ನೋಡಿದಾಗ, ಬೆಲೆ ತುಂಬದ ಬಫರ್‌ ಒಂದನ್ನು ಓದಲಾಗುತ್ತಿದೆ ಎಂಬ ಎಚ್ಚರಿಕೆ ಬಂದಿತು. ಅದನ್ನು ನಿಲ್ಲಿಸಲು ಡೆಬಿಯನ್‌ನಲ್ಲಿ ಎರಡು ಸಾಲುಗಳನ್ನು ಕೈಬಿಡಲಾಯಿತು. ಅವುಗಳಲ್ಲಿ ಒಂದು, ಗೂಢಕೀಲಿ ತಯಾರಿಸಲು ಬೇಕಾದ ಯಾದೃಚ್ಛಿಕ ಮಾಹಿತಿಯನ್ನು ಸೇರಿಸುತ್ತಿದ್ದ ಸಾಲೇ ಆಗಿತ್ತು. ಉಳಿದ ಅನಿಶ್ಚಿತತೆ ಪ್ರಕ್ರಿಯೆಯ ಕ್ರಮಸಂಖ್ಯೆಯೊಂದೇ. ಅದರ ಗರಿಷ್ಠ ಮಿತಿ ಸಾಮಾನ್ಯವಾಗಿ 32,768. ಪರಿಣಾಮವಾಗಿ ಊಹಿಸಬಹುದಾದ ಕೀಲಿಗಳು ತಯಾರಾದವು. ಇದು ಬಯಲಾದದ್ದು 2008ರ ಮೇ ತಿಂಗಳಲ್ಲಿ, ಸುಮಾರು ಇಪ್ಪತ್ತು ತಿಂಗಳ ನಂತರ.

ಓಡುವಾಗಿನ ರಕ್ಷಣೆ

ಸ್ಟ್ಯಾಕ್‌ನಲ್ಲಿ ಮರಳುವ ವಿಳಾಸಕ್ಕೂ ಬಫರ್‌ಗೂ ನಡುವೆ ಊಹಿಸಲಾಗದ ಒಂದು ಸಂಖ್ಯೆಯನ್ನಿಟ್ಟು, ಮರಳುವ ಮುನ್ನ ಅದು ಕೆಟ್ಟಿದೆಯೇ ಎಂದು ನೋಡುವ ಉಪಾಯವನ್ನು 1998ರಲ್ಲಿ ಸ್ಟ್ಯಾಕ್‌ಗಾರ್ಡ್ ಎಂಬ ಜಿಸಿಸಿ ವಿಸ್ತರಣೆ ಬಳಕೆಗೆ ತಂದಿತು. ಕಲ್ಲಿದ್ದಲ ಗಣಿಯಲ್ಲಿ ವಿಷಾನಿಲದ ಸುಳಿವು ಕೊಡಲು ಒಯ್ಯುತ್ತಿದ್ದ ಹಕ್ಕಿಯ ನೆನಪಿಗೆ ಆ ಸಂಖ್ಯೆಯನ್ನು ಕ್ಯಾನರಿ ಎನ್ನುತ್ತಾರೆ. ಇಂದಿನ ಲಿನಕ್ಸ್‌ಗಳಲ್ಲಿ ಚಿಕ್ಕ ಬಫರ್‌ಗೆ ಉದ್ದದ ಸಾಲು ಕೊಟ್ಟಾಗ ಕಾಣುವ ‘ಸ್ಟ್ಯಾಕ್ ಸ್ಮ್ಯಾಶಿಂಗ್ ಡಿಟೆಕ್ಟೆಡ್’ ಎಂಬ ಸಂದೇಶ ಇದರದೇ. ಸ್ಟ್ಯಾಕ್‌ನಲ್ಲಿರುವುದನ್ನು ಆದೇಶವಾಗಿ ಓಡಿಸದಂತೆ ತಡೆಯುವುದು, ವಿಳಾಸಗಳನ್ನು ಪ್ರತಿ ಬಾರಿಯೂ ಬದಲಿಸುವುದು ಇತರ ಕ್ರಮಗಳು. ಇವೆಲ್ಲ ಆಕ್ರಮಣವನ್ನು ಕಷ್ಟಗೊಳಿಸುತ್ತವೆ. ಪ್ರೋಗ್ರಾಮು ಕುಸಿಯುವುದನ್ನು ತಪ್ಪಿಸುವುದಿಲ್ಲ.

ಇಂದಿನ ಸ್ಥಿತಿ

ವಿಷುಯಲ್ ಸ್ಟುಡಿಯೊ 2015ರಿಂದ ಮೈಕ್ರೋಸಾಫ್ಟ್ ತನ್ನ ಲೈಬ್ರರಿಯಿಂದ ಗೆಟ್ಸ್ ಅನ್ನು ತೆಗೆದಿದೆ. ಲಿನಕ್ಸ್‌ನ ಕೈಪಿಡಿ ಪುಟವು ಇದನ್ನು ಎಂದಿಗೂ ಬಳಸಕೂಡದೆಂದು ವಿವರಣೆಯ ಆರಂಭದಲ್ಲೇ ಹೇಳುತ್ತದೆ. ಆದರೂ ಗ್ಲಿಬ್‌ಸಿಯ ಒಳಗೆ ಫಂಕ್ಷನ್ ಇನ್ನೂ ಇದೆ. ಹಿಂದೆ ಕಂಪೈಲ್ ಆಗಿ, ಮೂಲ ಪಠ್ಯ ಕಳೆದುಹೋಗಿ, ಇಂದಿಗೂ ಎಲ್ಲೋ ಓಡುತ್ತಿರುವ ಹಳೆಯ ಪ್ರೋಗ್ರಾಮುಗಳು ಅದನ್ನು ಹುಡುಕಿಕೊಂಡು ಬಂದರೆ ಸಿಗಬೇಕೆಂಬುದು ಅದಕ್ಕೆ ಕಾರಣ.